ಪ್ರತಿಕ್ರಿಯೆ: ಜಪಾನಿ ಟೇಪಿನಲ್ಲಿ ಬಾಚಣಿಗೆ ಗೆರೆಗಳು
ಪುಣೆಯ ಕೋತ್ರೂಡಿನಿಂದ ಕೇಳಿದವರಿಗೆ ನಮಸ್ಕಾರ. 1986ರ ಮಾರಿಯೊ ಅನಿಮೇಷನ್ ಚಿತ್ರದ ಜಪಾನಿ ವಿಎಚ್‌ಎಸ್ ಟೇಪನ್ನು ಕಂಪ್ಯೂಟರಿಗೆ ಕ್ಯಾಪ್ಚರ್ ಮಾಡಿದರೆ ಐದು ಫ್ರೇಮಿಗೆ ಎರಡರಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತದೆ, ಕತ್ತಲೆಯ ದೃಶ್ಯಗಳೆಲ್ಲ ಮಸಿಯಾಗುತ್ತವೆ ಅಂದಿದ್ದೀರಿ.

ಗೆರೆ ಟೇಪಿನ ದೋಷವಲ್ಲ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 29.97ಕ್ಕೆ ಹಿಗ್ಗಿಸಿದ ಗುರುತು. ದಯವಿಟ್ಟು ಡಿಇಂಟರ್‌ಲೇಸ್ (ಗೆರೆಗಳನ್ನು ಬೆರೆಸಿ ಅಳಿಸುವುದು) ಮಾಡಬೇಡಿ, ಚಿತ್ರಕಾರರ ಸಣ್ಣ ರೇಖೆಗಳೂ ಅದರ ಜೊತೆ ಅಳಿಸಿಹೋಗುತ್ತವೆ. ಏವಿಸಿಂತ್ ಎಂಬ ವಿಡಿಯೊ ಸಾಫ್ಟ್‌ವೇರಿನಲ್ಲಿ ಮೊದಲು ಮೂಲ ಫ್ರೇಮುಗಳನ್ನು ಮತ್ತೆ ಜೋಡಿಸುವ ಟಿಎಫ್‌ಎಂ ಫಿಲ್ಟರ್, ಆಮೇಲೆ ನಕಲು ಫ್ರೇಮು ತೆಗೆಯುವ ಟಿಡೆಸಿಮೇಟ್ ಹಾಕಿ, 23.976 ಸಿಗಬೇಕು. ಅನಿಮೇಷನ್‌ನಲ್ಲಿ ಒಂದೇ ಚಿತ್ರ ಎರಡು ಮೂರು ಫ್ರೇಮ್ ನಿಲ್ಲುವುದರಿಂದ ಟಿಡೆಸಿಮೇಟ್ ಮೋಸಹೋಗಿ ಬೇಕಾದ ಫ್ರೇಮನ್ನೇ ಬಿಸಾಡಬಹುದು. ಅದಕ್ಕೆ ಮೋಡ್ 1 ಕೊಡಿ. ಹಿನ್ನೆಲೆ ಅಡ್ಡಡ್ಡ ಸರಿಯುವ ದೃಶ್ಯಗಳನ್ನು ಮಾತ್ರ ಕಣ್ಣಾರೆ ನೋಡಿ, ಜರ್ಕ್ ಮೊದಲು ಕಾಣುವುದು ಅಲ್ಲೇ.

ಮಸಿಗೆ ಕಾರಣ ಕಪ್ಪಿನ ಮಟ್ಟ. ಜಪಾನಿನ ಎನ್‌ಟಿಎಸ್‌ಸಿಯಲ್ಲಿ (ಟಿವಿ ಸಂಕೇತದ ಪದ್ಧತಿ) ಅದು 0 ಐಆರ್‌ಇ (ಸಂಕೇತದ ಮಟ್ಟದ ಅಳತೆ), ಅಮೆರಿಕದ್ದರಲ್ಲಿ 7.5. ಕ್ಯಾಪ್ಚರ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಎನ್‌ಟಿಎಸ್‌ಸಿ-ಎಂ (ಅಮೆರಿಕದ್ದು) ಇದ್ದರೆ ಎನ್‌ಟಿಎಸ್‌ಸಿ-ಜೆ (ಜಪಾನಿನದು) ಮಾಡಿ ಮತ್ತೆ ಕ್ಯಾಪ್ಚರ್ ಮಾಡಿ. ಕತ್ತರಿಸಿಹೋದ ವಿವರ ಬ್ರೈಟ್‌ನೆಸ್ ಏರಿಸಿದರೆ ಮರಳದು. ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1ನಲ್ಲೇ ಉಳಿಸಿ, ಎರಡೂ ಗುಣಮಟ್ಟ ಕಳೆಯದ ಕೊಡೆಕ್‌ಗಳು.

ಬಣ್ಣ ಪೂರ್ತಿ ಮಾಯವಾದರೆ ಗಾಬರಿ ಬೇಡ. ನಮ್ಮಲ್ಲಿನ ಎಷ್ಟೋ ಹಳೇ ವಿಸಿಆರ್‌ಗಳು ಇಂಥ ಟೇಪನ್ನು ಪಾಲ್-60 (ಎನ್‌ಟಿಎಸ್‌ಸಿ ವೇಗ, ಪಾಲ್ ಪದ್ಧತಿಯ ಬಣ್ಣ) ಆಗಿ ಹೊರಗೆ ಕಳಿಸುತ್ತವೆ. ಕಾರ್ಡನ್ನೂ ಅದಕ್ಕೇ ಹೊಂದಿಸಬೇಕು. ನಿಜವಾದ ಎನ್‌ಟಿಎಸ್‌ಸಿ ಪ್ಲೇಯರ್, ಎಸ್-ವಿಡಿಯೊ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಪುಣೆಯ ಮಳೆಗಾಲ ಕಂಡ ಟೇಪು ಅದು. ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯ ಅಂಚು ನೋಡಿ, ಬಿಳಿ ಪುಡಿ ಇದ್ದರೆ ಬೂಸ್ಟು. ಸ್ವಚ್ಛ ಮಾಡದೆ ಪ್ಲೇಯರಿಗೆ ಹಾಕಲೇಬೇಡಿ. ಹೆಡ್ಡೂ ಕೆಡುತ್ತದೆ, ಮುಂದಿನ ಟೇಪುಗಳಿಗೂ ಹರಡುತ್ತದೆ.