‘ಕಪ್ಪಾದರೂ ಲಕ್ಷಣವಾಗಿದ್ದಾಳೆ’

ಪ್ರಶ್ನೆ: ನನಗೆ 27 ವರ್ಷ. ಅರಸೀಕೆರೆ ಕಡೆಯವಳು, ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಅಕ್ಕ ಅಪ್ಪನ ಹಾಗೆ ಬೆಳ್ಳಗೆ, ನಾನು ಅಮ್ಮನ ಹಾಗೆ ಕಪ್ಪು. ಬಣ್ಣದ ಕಾರಣಕ್ಕೇ ಮೂರು ಸಂಬಂಧ ತಪ್ಪಿಹೋದ ಮೇಲೆ ಅಮ್ಮ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದರು. ಎಂಟು ತಿಂಗಳಿಂದ ರಾತ್ರಿ ಮಲಗುವ ಮುಂಚೆ ಅಮ್ಮನೇ ಹಚ್ಚುತ್ತಾರೆ. ಪಾರ್ಲರಿನವರು ಕೊಟ್ಟ ಇನ್ನೊಂದು ಡಬ್ಬಿಯನ್ನೂ ಆಗಾಗ ಬಳಸುತ್ತೇನೆ, ಅದರ ಮೇಲೆ ಏನೂ ಬರೆದಿಲ್ಲ. ಮುಖವೇನೋ ತಿಳಿಯಾಯಿತು. ಈಗ ಒಂದು ಸಂಬಂಧ ಕೂಡಿಬಂದಿದೆ, ಮದುವೆಗೆ ಮೂರು ತಿಂಗಳಿದೆ. ಹುಡುಗ ಒಳ್ಳೆಯವರ ಹಾಗೆ ಕಾಣುತ್ತಾರೆ. ಅವರ ತಾಯಿ ‘ಬಣ್ಣ ಸ್ವಲ್ಪ ಕಮ್ಮಿ. ಕಪ್ಪಾದರೂ ಲಕ್ಷಣವಾಗಿದ್ದಾಳೆ, ಒಪ್ಕೊಂಡಿದೀವಿ’ ಎಂದು ಹೇಳಿ, ಮೊದಲು ಮಾತಾಡಿದ್ದಕ್ಕಿಂತ 50 ಗ್ರಾಂ ಚಿನ್ನ ಹೆಚ್ಚಿಗೆ ಕೇಳಿದ್ದಾರೆ. ಅಪ್ಪ ತೆಂಗಿನ ತೋಟದ ಮೇಲೆ ಸಾಲ ಎತ್ತುವ ಯೋಚನೆಯಲ್ಲಿದ್ದಾರೆ. ಇತ್ತೀಚೆಗೆ ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ಕೆನ್ನೆಯಲ್ಲಿ ಸಣ್ಣ ಕೆಂಪು ಗೆರೆ, ಗದ್ದದ ಮೇಲೆ ಕೂದಲು ಬಂದಿದೆ. ಎರಡು ದಿನ ಹಚ್ಚದಿದ್ದರೆ ಉರಿ ಇನ್ನೂ ಜಾಸ್ತಿ. ಅಮ್ಮ ‘ತಾಳಿ ಕಟ್ಟೋ ತನಕ ಹಚ್ಕೋ’ ಎನ್ನುತ್ತಾರೆ. ಮೊನ್ನೆ ಅಕ್ಕನ ಐದು ವರ್ಷದ ಮಗಳು ಕನ್ನಡಿ ಮುಂದೆ ನಿಂತು ಆ ಟ್ಯೂಬ್ ಹಿಂಡಿ ಮುಖಕ್ಕೆಲ್ಲ ಬಳಿದುಕೊಂಡು, ‘ಚಿಕ್ಕಿ, ನಾನೂ ಬೆಳ್ಳಗಾದ್ನಾ?’ ಅಂದಳು. ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಕ್ರೀಮ್ ಬಿಟ್ಟು ಮೊದಲಿನ ಬಣ್ಣಕ್ಕೆ ಬಂದರೆ ಹುಡುಗನ ಮನೆಯವರಿಗೆ ಮೋಸ ಮಾಡಿದ ಹಾಗಾಗುತ್ತದೆಯೇ?

ಉತ್ತರ: ಮದುವೆಯ ಮಾತು ಆಮೇಲೆ. ಮೊದಲು ಆ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಸೋನ್, ಕ್ಲೊಬೆಟಸಾಲ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂಬ ಹೆಸರುಗಳೂ ಇರಬಹುದು. ಈ ಮೂರು ಬೆರೆತ ಮುಲಾಮು ಭಂಗಿನಂಥ ಕಲೆಗಳಿಗೆ, ಕೆಲವೇ ವಾರ, ಡಾಕ್ಟರ ಕಣ್ಣೆದುರು ಬಳಸಬೇಕಾದ ಔಷಧಿ. ಎಂಟು ತಿಂಗಳು ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಳಗಿನ ರಕ್ತನಾಳ ಗೆರೆಗೆರೆಯಾಗಿ ಕಾಣುತ್ತದೆ, ಮೊಡವೆ ಏಳುತ್ತದೆ, ಬೇಡದ ಕಡೆ ಕೂದಲು ಬರುತ್ತದೆ, ಬಿಸಿಲು ತಡೆಯುವುದಿಲ್ಲ. ನೀವು ಬರೆದಿರುವುದೆಲ್ಲ ಇದಕ್ಕೆ ಹೊಂದುತ್ತದೆ. ಬಿಟ್ಟ ಕೂಡಲೇ ಉರಿ ಹೆಚ್ಚಾಗುವುದೂ ಇದೇ ಔಷಧಿಯ ಗುಣ. ಆ ಉರಿಗೆ ಹೆದರಿಯೇ ಜನ ಮತ್ತೆ ಟ್ಯೂಬಿಗೆ ಕೈಹಾಕುವುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಪಟ್ಟಿ ಮಾಡಿತು. ನಿಮ್ಮ ತಾಯಿಗೆ ಅದು ಬಿಸ್ಕತ್ತಿನ ಪೊಟ್ಟಣದಷ್ಟೇ ಸಲೀಸಾಗಿ ಸಿಕ್ಕಿದೆ.

ಆದ್ದರಿಂದ ‘ತಾಳಿ ಕಟ್ಟುವ ತನಕ’ ಎಂಬ ಮಾತಿಗೆ ನನ್ನ ಉತ್ತರ ಬೇಡ ಎಂದೇ. ಆದರೆ ನೀವಾಗಿಯೇ ಇವತ್ತೇ ಒಮ್ಮೆಲೇ ಬಿಟ್ಟುಬಿಡುವುದೂ ಬೇಡ. ಈ ವಾರವೇ ಚರ್ಮರೋಗ ತಜ್ಞರ ಹತ್ತಿರ ಹೋಗಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದರೂ ಆದೀತು. ಹೇಗೆ ಇಳಿಸುತ್ತ ಬಂದು ನಿಲ್ಲಿಸಬೇಕು, ಉರಿಗೆ ಏನು ಹಚ್ಚಬೇಕು ಎಂದು ಅವರು ಹೇಳುತ್ತಾರೆ. ಮದುವೆ ಗೊತ್ತಾಗಿದೆ ಎಂಬುದನ್ನು ತಪ್ಪದೆ ತಿಳಿಸಿ. ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಎರಡನ್ನೂ ಬಸಿರಿನಲ್ಲಿ ಬೇಡವೆನ್ನುತ್ತಾರೆ. ಮುಖ ಸುಧಾರಿಸಲು ಮೂರು ತಿಂಗಳಿಗಿಂತ ಹೆಚ್ಚೇ ಹಿಡಿಯಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಏನೂ ಬರೆಯದ ಆ ಡಬ್ಬಿಯನ್ನಂತೂ ಇವತ್ತಿನಿಂದಲೇ ಮುಟ್ಟಬೇಡಿ. ಇಂಥ ಕ್ರೀಮುಗಳಲ್ಲಿ ಪಾದರಸ ಸಿಕ್ಕಿದ ಉದಾಹರಣೆಗಳಿವೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಕಿಡ್ನಿಯ ಒಂದು ವಿರಳ ತೊಂದರೆ ಒಬ್ಬರ ಹಿಂದೊಬ್ಬರಲ್ಲಿ ಕಾಣಿಸಿಕೊಂಡಾಗ ಡಾಕ್ಟರುಗಳು ಮೂಲ ಹುಡುಕುತ್ತ ಹೋದರು. ಆ ರೋಗಿಗಳಲ್ಲಿ ಹೆಚ್ಚಿನವರು ಬಿಳುಪಾಗುವ ಕ್ರೀಮ್ ಹಚ್ಚುತ್ತಿದ್ದವರು. ಡಬ್ಬಿಯನ್ನು ಕಸಕ್ಕೆ ಹಾಕದೆ ಆಸ್ಪತ್ರೆಗೆ ಒಯ್ಯಿರಿ, ಮೂತ್ರ ಪರೀಕ್ಷೆ ಬೇಕೇ ಎಂದು ಕೇಳಿ. ಪುಟ್ಟಿಗೆ ಒಂದು ಸಲ ಬಳಿದುಕೊಂಡಿದ್ದರಿಂದ ಗಾಬರಿಯೇನಿಲ್ಲ, ಆದರೂ ಡಾಕ್ಟರ ಕಿವಿಗೆ ಹಾಕಿ. ಟ್ಯೂಬು ಅವಳ ಕೈಗೆಟುಕುವಲ್ಲಿ ಇರಬಾರದು.

ಇನ್ನು ಆ ಮಾತು. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ.’ ನಮ್ಮ ಕಡೆ ಇದನ್ನು ಹೊಗಳಿಕೆ ಎಂದೇ ಹೇಳುತ್ತಾರೆ, ಹೇಳಿದವರಿಗೆ ಕೆಟ್ಟ ಮನಸ್ಸು ಇರಬೇಕೆಂದೇನೂ ಇಲ್ಲ. ಆದರೆ ಆ ‘ಆದರೂ’ ಕೇಳಿಕೊಂಡು ಬೆಳೆದವರಿಗೆ ಗೊತ್ತು ಅದು ಎಲ್ಲಿ ನಾಟುತ್ತದೆ ಎಂದು. ‘ಬಣ್ಣ ಕಮ್ಮಿ’ ಎಂಬುದೂ ಹಾಗೆಯೇ, ಅಂಗಡಿಯವನು ತೂಕದಲ್ಲಿ ಕಮ್ಮಿ ಕೊಟ್ಟ ಹಾಗೆ. ನಿಮ್ಮ ಚರ್ಮದಲ್ಲೂ ನಿಮ್ಮ ಅಕ್ಕನ ಚರ್ಮದಲ್ಲೂ ಬಣ್ಣ ತಯಾರಿಸುವ ಕೋಶಗಳು ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿವೆ. ಆ ಕೋಶಗಳು ಮೆಲನಿನ್ ಎಂಬ ಬಣ್ಣದ ಕಣಗಳನ್ನು ನಿಮ್ಮಲ್ಲಿ ಹೆಚ್ಚು, ದೊಡ್ಡದಾಗಿ ಮಾಡುತ್ತವೆ, ಬಿಸಿಲಿನ ಕೆಡುಕನ್ನು ತಡೆಯುವುದು ಅವೇ. ಕಮ್ಮಿಯಿರುವುದು ನಿಮ್ಮಲ್ಲಿ ಅಲ್ಲ.

ಕೃಷ್ಣನೂ ಕಪ್ಪೇ, ಬೇಲೂರಿನ ಚೆನ್ನಕೇಶವನೂ ಕಪ್ಪೇ ಎಂದು ನಿಮಗೆ ಸಮಾಧಾನ ಹೇಳಲಾರೆ. ಇದನ್ನು ನೀವು ಚಿಕ್ಕಂದಿನಿಂದ ಕೇಳಿರುತ್ತೀರಿ, ಹೆಣ್ಣು ನೋಡಲು ಬಂದ ದಿನ ಅದು ಯಾವ ಹುಡುಗಿಯ ಕೆಲಸಕ್ಕೂ ಬಂದಿಲ್ಲ. ಬಿಸಿಲಿನಲ್ಲಿ ದುಡಿಯುವ ಮೈ ಕೀಳು, ನೆರಳಿನಲ್ಲಿ ಕೂತ ಮೈ ಮೇಲು ಎಂಬ ಜಾತಿಯ ಲೆಕ್ಕ ನಮ್ಮಲ್ಲಿ ಬಣ್ಣದ ಲೆಕ್ಕವಾಗಿಯೂ ಉಳಿದುಕೊಂಡಿದೆ. ಒಂದೇ ಮನೆಯಲ್ಲಿ ಬೆಳ್ಳಗಿನ ಅಕ್ಕ, ಕಪ್ಪು ತಂಗಿ ಹುಟ್ಟುವುದನ್ನು ದಿನಾ ನೋಡುತ್ತಲೇ ನಾವು ಅದನ್ನು ನಂಬುತ್ತೇವೆ. ಅದರ ಮೇಲೆ ವ್ಯಾಪಾರ ಬಂತು. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಬೆಳ್ಳಗಾದ ಮೇಲೆ ಹುಡುಗಿಗೆ ಕೆಲಸ ಸಿಗುವ, ಗಂಡು ಸಿಗುವ ಜಾಹೀರಾತುಗಳನ್ನು ನೋಡುತ್ತ ನನ್ನ ತಲೆಮಾರು ಬೆಳೆಯಿತು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಹಾಗೆ ಕಪ್ಪನ್ನು ಕೀಳಾಗಿ ತೋರಿಸಬಾರದೆಂದು ನಿಯಮ ಮಾಡಿತು, 2020ರಲ್ಲಿ ಆ ಕ್ರೀಮಿನ ಹೆಸರೂ ಬದಲಾಯಿತು, ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಮೇಲೆ ಸೋಸುವ ಆಯ್ಕೆಯನ್ನು ತೆಗೆದುಹಾಕಿತು. ನಮ್ಮ ಮನೆಗಳ ಬಯೋಡಾಟಾದಲ್ಲಿ ಮಾತ್ರ ಎಣ್ಣೆಗೆಂಪು, ಗೋಧಿ ಬಣ್ಣ ಹೋಗಿ ಫೇರ್, ವೀಟಿಶ್ ಬಂದಿದೆ ಅಷ್ಟೆ.

ಬಣ್ಣ ಒಂದೇ ಏಕೆ? ನನ್ನಜ್ಜಿಗೆ ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ದೊಡ್ಡ ಮೆಚ್ಚುಗೆ, ರಜೆಗೆ ಹೋದಾಗ ‘ಸೊರಗಿದೀಯಲ್ಲೇ’ ಎಂದು ಮರುಗುತ್ತಿದ್ದಳು. ಈಗ ಮದುವೆ ಗೊತ್ತಾದ ಹುಡುಗಿಯರು ಸೊರಗುವುದಕ್ಕೆ ದುಡ್ಡು ಕೊಡುತ್ತಿದ್ದಾರೆ. ಯಾವತ್ತಾದರೂ ಬೇಲೂರಿಗೆ ಹೋದರೆ ಕನ್ನಡಿ ಹಿಡಿದ ದರ್ಪಣಸುಂದರಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆ ಕಪ್ಪು ಕಲ್ಲಿನ ತುಂಬು ಮೈಯ ಹೆಂಗಸು ತನ್ನನ್ನು ನೋಡಿಕೊಳ್ಳುತ್ತಿರುವ ರೀತಿ ನನಗೆ ತುಂಬ ಇಷ್ಟ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿದ್ದು ‘ಅಮ್ಮನೇ ಹಚ್ಚುತ್ತಾರೆ’ ಎಂಬ ಎರಡು ಪದ. ನಿಮ್ಮದೇ ಬಣ್ಣದ ತಾಯಿ. ಮನೆಗೆಲಸವೆಲ್ಲ ಮುಗಿಸಿ, ಕೈ ಒರೆಸಿಕೊಂಡು, ಮಗಳ ಕೆನ್ನೆಗೆ ಒಂದೇ ಬೆರಳಿನಿಂದ ಮುಲಾಮು ಸವರುವ ತಾಯಿ. ಆಕೆಗೆ ಬೈಯಬೇಡಿ. ನನ್ನ ಮಗಳು ಹುಟ್ಟಿದ ಬೆಳಗ್ಗೆ ನಮ್ಮ ಬಳಗದ ಹಿರಿಯರೊಬ್ಬರು ಕೂಸಿನ ಕಿವಿಯ ತುದಿ ಮಡಿಸಿ ನೋಡಿ, ‘ಕಿವಿ ಕಪ್ಪಿದೆ, ಬರ್ತಾ ಬರ್ತಾ ಕಪ್ಪಾಗ್ತಾಳೆ’ ಎಂದರು. ಒಂಬತ್ತು ತಿಂಗಳು ಕೇಸರಿ ಹಾಲು ಕುಡಿದಿದ್ದೆ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ ಅತ್ತುಬಿಟ್ಟೆ, ಅವರಿಗೆ ಒಂದು ಮಾತೂ ಹೇಳಲಿಲ್ಲ. ಆ ದಿನ ಸುಮ್ಮನಿದ್ದದ್ದು ನನಗೆ ಇವತ್ತಿಗೂ ನೋವು. ಮಗಳಿಗಾಗಿ ಹೆದರುವ ತಾಯಿ ಎಂಥವಳೆಂದು ನನಗೆ ಗೊತ್ತು.

ಇವತ್ತು ರಾತ್ರಿ ಅವರು ಟ್ಯೂಬ್ ಹಿಡಿದು ಬಂದಾಗ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಮ್ಮ, ನಿನ್ನನ್ನ ನೋಡೋಕೆ ಬಂದಾಗ ಅವರು ಏನಂದಿದ್ರು?’ ಎಂದು ಕೇಳಿ. ಬಹುಶಃ ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಕೇಳಿಲ್ಲ. ಪೂರ್ತಿ ಹೇಳಲಿ, ನಡುವೆ ಬಾಯಿ ಹಾಕಬೇಡಿ. ಆಮೇಲೆ ದೀಪ ಹಾಕಿ ನಿಮ್ಮ ಕೆನ್ನೆಯ ಗೆರೆ, ಗದ್ದದ ಕೂದಲು ಹತ್ತಿರದಿಂದ ತೋರಿಸಿ. ಪುಟ್ಟಿ ಕನ್ನಡಿ ಮುಂದೆ ಆಡಿದ ಮಾತನ್ನೂ ಹೇಳಿ.

ಮೋಸದ ಪ್ರಶ್ನೆಗೆ ಬರುತ್ತೇನೆ. ನೀವು ಯಾರಿಗೂ ಮೋಸ ಮಾಡಿಲ್ಲ. ಆದರೂ ಹುಡುಗನಿಗೆ ಹೇಳಿ, ಮುಚ್ಚಿಟ್ಟರೆ ದಿನಾ ಕನ್ನಡಿ ನೋಡುವಾಗ ಹೆದರಬೇಕಾದವರು ನೀವೇ. ಫೋನಿನಲ್ಲಿ ಬೇಡ, ಹಗಲು ಹೊತ್ತಿನಲ್ಲಿ, ಪೌಡರು ಕೂಡ ಹಚ್ಚದೆ ಭೇಟಿಯಾಗಿ. ‘ಕ್ರೀಮ್ ಹಚ್ಚಿ ಮುಖ ಕೆಟ್ಟಿದೆ, ಔಷಧಿ ಮಾಡಿಸ್ತಿದೀನಿ. ಕೆಲವು ತಿಂಗಳು ಕೆಂಪಗಿರುತ್ತೆ, ಆಮೇಲೆ ನನ್ನ ಬಣ್ಣಕ್ಕೆ ಬರುತ್ತೆ, ನಾನು ಕಪ್ಪು. ನಿಮ್ಮ ತಾಯಿಯವರು 50 ಗ್ರಾಂ ಹೆಚ್ಚಿಗೆ ಕೇಳಿದ್ದು ನಿಮಗೆ ಗೊತ್ತಾ?’ ಇಷ್ಟು ಸಾಕು. ಅವರು ‘ಉರಿ ಈಗ ಹೇಗಿದೆ’ ಎಂದು ಕೇಳುತ್ತಾರೋ, ‘ಮದುವೆ ಹೊತ್ತಿಗೆ ಸರಿಹೋಗುತ್ತಾ’ ಎಂದು ಕೇಳುತ್ತಾರೋ ಗಮನಿಸಿ. ಮನೆಯವರ ಕೇಳಿಕೆಯನ್ನು ತಾವೇ ನಿಲ್ಲಿಸುತ್ತೇನೆ ಎಂದರೆ ಮುಂದಿನ ಮಾತಾಡಬಹುದು. ‘ದೊಡ್ಡೋರ ವಿಷಯ, ನಾನೇನು ಹೇಳ್ಲಿ’ ಎಂದರೆ, ನಾಳೆ ಆ ಮನೆಯಲ್ಲಿ ನಿಮ್ಮ ಪರವಾಗಿ ಆಡುವವರು ಯಾರೂ ಇರುವುದಿಲ್ಲ.

ತೋಟದ ಮೇಲೆ ಸಾಲ ಬೇಡವೇ ಬೇಡ, ಅಪ್ಪನಿಗೆ ನೀವೇ ಹೇಳಿ. ಬಣ್ಣಕ್ಕೆಂದು ಕೇಳಿದ ಚಿನ್ನ ವರದಕ್ಷಿಣೆಯೇ. 1961ರ ಕಾಯ್ದೆಯ ಪ್ರಕಾರ ಕೇಳುವುದೂ ಕೊಡುವುದೂ ಅಪರಾಧ. ಮೊದಲು ಮಾತಾಡಿದ ಚಿನ್ನಕ್ಕೂ ನನ್ನ ಒಪ್ಪಿಗೆಯಿಲ್ಲ. ಒತ್ತಡ ಜೋರಾದರೆ 181ಕ್ಕೆ ಕರೆ ಮಾಡಿ, ಅದು ಮಹಿಳಾ ಸಹಾಯವಾಣಿ. ಸಂಬಂಧ ಮುರಿದರೆ ನಾಲ್ಕನೆಯದೂ ಹೋಯಿತೆಂದು ಊರು ಆಡಿಕೊಳ್ಳುತ್ತದೆ, ನಿಮಗೂ ನೋವಾಗುತ್ತದೆ. ಹಾಗಾಗುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಆದರೆ ನಿಮಗೆ ಕೆಲಸವಿದೆ, ಸಂಬಳವಿದೆ, ನಿಮ್ಮ ಕ್ಲಾಸಿನಲ್ಲಿ ನಿಮ್ಮ ಬಣ್ಣದ ಎಷ್ಟೋ ಹುಡುಗಿಯರು ಕೂತಿದ್ದಾರೆ.

ಆಸ್ಪತ್ರೆಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ, ಟ್ಯೂಬು, ಡಬ್ಬಿ ಎರಡನ್ನೂ ಮರೆಯಬೇಡಿ. ಡಾಕ್ಟರು ಏನೆಂದರು ಎಂದು ನನಗೆ ಬರೆಯಿರಿ. ಪುಟ್ಟಿ ಮತ್ತೆ ಕೇಳಿದಳೇ, ನೀವು ಏನು ಹೇಳಿದಿರಿ ಎಂದೂ ತಿಳಿಸಿ.