ಥ್ಯಾಂಕ್ಸ್‌ಗಿವಿಂಗ್ ದಿನ ಲಯನ್ಸ್ ಆಡಬೇಕಾ, ಬೇಡವಾ

ತಮ್ಮಾ,

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ. ದಾವಣಗೆರೆಯಿಂದ ಅಮೆರಿಕಕ್ಕೆ, ಡೆಟ್ರಾಯಿಟ್ ಹತ್ತಿರದ ಟ್ರಾಯ್‌ಗೆ ಬಂದು ನಿನಗೆ ಎರಡು ತಿಂಗಳು. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ನಿನ್ನ ಟೀಮಿನವರು ಎರಡು ಪಂಗಡವಾಗಿ ಕಿತ್ತಾಡಿದರು. ಥ್ಯಾಂಕ್ಸ್‌ಗಿವಿಂಗ್ ಅನ್ನುವ ಇಲ್ಲಿಯ ಹಬ್ಬದ ದಿನ ಅಮೆರಿಕನ್ ಫುಟ್‌ಬಾಲ್ ಟೀಮ್ ಡೆಟ್ರಾಯಿಟ್ ಲಯನ್ಸ್ ಮ್ಯಾಚ್ ಆಡಬೇಕಾ, ಬಿಟ್ಟುಬಿಡಬೇಕಾ ಅನ್ನುವುದೇ ಜಗಳ. ಕೊನೆಗೆ ನಿನ್ನ ಕಡೆ ತಿರುಗಿ ‘ನೀನೇನು ಹೇಳ್ತೀಯ?’ ಅಂದರು. ನೀನು ನಕ್ಕು ಸುಮ್ಮನಾದೆ. ಅವರಲ್ಲೇ ಒಬ್ಬರು ಆ ದಿನ ಮನೆಗೆ ಊಟಕ್ಕೆ ಕರೆದಿದ್ದಾರೆ. ಇದೇನು ಜಗಳ, ಯಾರ ಪರ ಮಾತಾಡಲಿ, ಹೋದರೆ ತಿನ್ನೋಕೆ ಏನಾದರೂ ಸಿಗುತ್ತಾ ಅಂತ ಕೇಳಿದ್ದೀಯ.

ನನ್ನನ್ನು ವೀಸಾ, ಬಾಡಿಗೆ, ಕ್ರೆಡಿಟ್ ಸ್ಕೋರ್ ಬಗ್ಗೆ ಕೇಳುವವರೇ ಜಾಸ್ತಿ. ಈ ಪ್ರಶ್ನೆ ಇದೇ ಮೊದಲು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತೆ, ಕಾಫಿ ಇಟ್ಟುಕೊಂಡು ಕೂತುಕೋ.

ನಾನು ಇಲ್ಲಿಗೆ ಬಂದಿದ್ದು 2004ರಲ್ಲಿ. ಇನ್ನೂ ಮದುವೆ ಆಗಿರಲಿಲ್ಲ. ಇಲ್ಲೇ ಹತ್ತಿರದ ಕ್ಯಾಂಟನ್ನಿನ ಒಂದು ಅಪಾರ್ಟ್‌ಮೆಂಟಿನ ಮಹಡಿಯಲ್ಲಿ ಒಬ್ಬಳೇ ಇದ್ದೆ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ರಜೆ ಅಂದರು. ಸರಿ, ತರಕಾರಿ ತರೋಣ ಅಂತ ಹೊರಟೆ. ಅಂಗಡಿಗಳೆಲ್ಲ ಮುಚ್ಚಿದ್ದವು. ರಸ್ತೆಯಲ್ಲಿ ಒಂದು ಕಾರಿಲ್ಲ. ಬಂದ್ ದಿನ ಕೂಡ ನಮ್ಮೂರು ಅಷ್ಟು ಖಾಲಿ ಇರಲ್ಲ. ವಾಪಸ್ ಬರುವಾಗ ಕೆಳಗಿನ ಮನೆಯಿಂದ ಒಂದು ಕೂಗು ಕೇಳಿತು, ಯಾರೋ ಬಿದ್ದರೇನೋ ಅನ್ನುವ ಹಾಗೆ. ಗಾಬರಿಯಾಗಿ ಬಾಗಿಲು ತಟ್ಟಿದೆ. ಕಾರು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹೆಂಗಸು ಬಾಗಿಲು ತೆಗೆದರು. ಏನೂ ಆಗಿಲ್ಲ, ಇಂಡಿಯಾನಾಪೊಲಿಸ್‌ನವರು ಮತ್ತೊಂದು ಟಚ್‌ಡೌನ್ ಹೊಡೆದರು, ಅಷ್ಟೇ ಅಂದರು. ನನ್ನ ಕೈಯಲ್ಲಿದ್ದ ಖಾಲಿ ಚೀಲ ನೋಡಿದರು. ಒಳಗೆ ಬಾ ಅಂದರು.

ಅವರನ್ನು ಇಲ್ಲಿ ಅಜ್ಜಿ ಅಂತ ಬರೆಯುತ್ತೇನೆ. ಎದುರಿಗೆ ಹೆಸರು ಹಿಡಿದೇ ಕರೆಯಬೇಕು. ಅದಕ್ಕೆ ನನ್ನ ನಾಲಿಗೆ ಹೊರಳಲು ಎರಡು ವರ್ಷ ಬೇಕಾಯಿತು!

ಅವತ್ತು ಲಯನ್ಸ್ ಸೋತಿದ್ದು 41-9ಕ್ಕೆ. ಇಂಡಿಯಾನಾಪೊಲಿಸ್‌ನ ಪೇಟನ್ ಮ್ಯಾನಿಂಗ್ ಒಬ್ಬನೇ ಆರು ಟಚ್‌ಡೌನ್ ಪಾಸ್ ಎಸೆದ. ನನಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಹೆಸರು ಫುಟ್‌ಬಾಲ್, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಸದ್ಯಕ್ಕೆ ನಿನಗೂ ಇಷ್ಟು ಸಾಕು.

ಮುಂದಿನ ವರ್ಷವೂ ಹೋದೆ, ಲಯನ್ಸ್ ಸೋತರು. ಅದರ ಮುಂದಿನ ವರ್ಷವೂ ಸೋತರು. ಮೂರನೇ ಸಲ ನಾನೇ ತಡೆಯಲಾರದೆ ನಮ್ಮ ಕಡೆ ‘ಕಾಲ್ಗುಣ’ ಅಂತ ಒಂದು ಮಾತಿದೆ ಅಂತ ವಿವರಿಸಿದೆ. ಹೇಳಬಾರದಿತ್ತು. ಅಲ್ಲಿಂದ ಮುಂದೆ ಪ್ರತಿ ವರ್ಷ ಸೋತ ಕೂಡಲೇ ಇಡೀ ಮನೆ ನನ್ನ ಕಾಲು ನೋಡುತ್ತಿತ್ತು. 2004ರಿಂದ 2012ರವರೆಗೆ ಒಟ್ಟು ಒಂಬತ್ತು ಸಲ ಸತತವಾಗಿ ಸೋತರು ಕಣಪ್ಪ.

ನಿನ್ನ ಆಫೀಸಿನ ಜಗಳಕ್ಕೆ ಬರುತ್ತೇನೆ. ಈ ಪದ್ಧತಿ ಶುರುವಾದ ಕತೆ ಮೊದಲು ಗೊತ್ತಿರಲಿ. ಲಯನ್ಸ್ ಮೂಲತಃ ಈ ಊರಿನ ಟೀಮೇ ಅಲ್ಲ. ಒಹಾಯೋದ ಪೋರ್ಟ್ಸ್‌ಮತ್ ಅನ್ನುವ ಸಣ್ಣ ಊರಿನಲ್ಲಿ ಸ್ಪಾರ್ಟನ್ಸ್ ಅಂತ ಇತ್ತು. ಜಾರ್ಜ್ ರಿಚರ್ಡ್ಸ್ ಅನ್ನುವ ರೇಡಿಯೋ ಸ್ಟೇಷನ್ ಮಾಲೀಕ ಅದನ್ನು ಕೊಂಡು 1934ರಲ್ಲಿ ಡೆಟ್ರಾಯಿಟ್‌ಗೆ ತಂದ. ಊರಿಗೆ ಆಗ ಬೇಸ್‌ಬಾಲ್ ಹುಚ್ಚು. ಇಲ್ಲಿಯ ಬೇಸ್‌ಬಾಲ್ ಟೀಮ್ ಟೈಗರ್ಸ್ ಆ ವರ್ಷ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಆಡಿತ್ತು. ಹೊಸದಾಗಿ ಬಂದ ಈ ಟೀಮನ್ನು ಕೇಳುವವರು ಕಡಿಮೆ. ರಿಚರ್ಡ್ಸ್ ಒಂದು ಉಪಾಯ ಮಾಡಿದ. ಹಬ್ಬದ ದಿನ ಚಾಂಪಿಯನ್ ಶಿಕಾಗೋ ಬೇರ್ಸ್ ಜೊತೆ ಮ್ಯಾಚ್ ಇಟ್ಟ. ಎನ್‌ಬಿಸಿ ಅನ್ನುವ ರೇಡಿಯೋ ಕಂಪನಿಯವರನ್ನು ಒಪ್ಪಿಸಿ 94 ರೇಡಿಯೋ ಸ್ಟೇಷನ್‌ಗಳಲ್ಲಿ ದೇಶಕ್ಕೆಲ್ಲ ಕೇಳಿಸಿದ. ಮೈದಾನದ 26,000 ಟಿಕೆಟ್ ಪೂರ್ತಿ ಖರ್ಚಾದವು. ಲಯನ್ಸ್ 19-16ಕ್ಕೆ ಸೋತರು. ಆದರೆ ಊರಿಗೆ ಟೀಮ್ ಪರಿಚಯವಾಯಿತು. 1939ರಿಂದ 1944ರವರೆಗೆ ಬಿಟ್ಟರೆ ಅಲ್ಲಿಂದ ಇಲ್ಲಿವರೆಗೆ ಒಂದು ವರ್ಷವೂ ತಪ್ಪಿಲ್ಲ. ಡಲ್ಲಾಸ್‌ನವರು ಅದೇ ದಿನ ತಮ್ಮೂರಲ್ಲೂ ಮ್ಯಾಚ್ ಇಡಲು ಶುರು ಮಾಡಿದ್ದು 1966ರಲ್ಲಿ, ರಾತ್ರಿಯ ಮೂರನೇ ಮ್ಯಾಚ್ ಬಂದಿದ್ದು 2006ರಲ್ಲಿ. ಡಲ್ಲಾಸ್ ವಿಷಯ ನಿನ್ನ ಆಫೀಸಿನಲ್ಲಿ ಜಾಸ್ತಿ ಎತ್ತಬೇಡ, ಇಲ್ಲಿಯವರಿಗೆ ಅದು ತಮ್ಮ ಐಡಿಯಾ ಕದ್ದ ಊರು.

ಬೇಡ ಅನ್ನುವವರಲ್ಲಿ ಮೂರು ಥರ ಇದ್ದಾರೆ. ಒಂದು, ಬೇರೆ ಊರಿನ ಅಭಿಮಾನಿಗಳು. ಈ ಎರಡು ಊರಿಗೆ ಮಾತ್ರ ಪ್ರತಿ ಹಬ್ಬಕ್ಕೂ ತವರಿನ ಮೈದಾನ ಯಾಕೆ, ಸರದಿ ಪ್ರಕಾರ ಹಂಚಿ ಅನ್ನುತ್ತಾರೆ. ಇನ್ನೊಂದು, ಆಟಗಾರರ ಮೈಕೈ ಚಿಂತೆ ಮಾಡುವವರು. ಭಾನುವಾರ ಆಡಿ ಗುರುವಾರ ಮತ್ತೆ ಇಳಿಯಬೇಕು, ನಡುವೆ ಮೂರೇ ದಿನ. ಈ ಆಟದಲ್ಲಿ ಮೈ ಹಣ್ಣಾಗುತ್ತೆ, ಮೂರು ದಿನ ಸಾಲದು. ಆದರೆ ಗುರುವಾರ ಮುಗಿದ ಮೇಲೆ ಮುಂದಿನ ವಾರದ ಭಾನುವಾರದ ತನಕ ಹತ್ತು ದಿನ ಬಿಡುವು ಸಿಗುತ್ತಲ್ಲ ಅಂತ ಎದುರು ಪಾರ್ಟಿ ವಾದ. ಇವೆರಡನ್ನೂ ನಾನು ಅಷ್ಟು ತಲೆಗೆ ಹಚ್ಚಿಕೊಂಡಿಲ್ಲ.

ಮೂರನೆಯವರು ನಮ್ಮವರೇ, ಡೆಟ್ರಾಯಿಟಿನವರೇ. ಅವರಿಗೆ ಮರ್ಯಾದೆಯ ಪ್ರಶ್ನೆ. 2008ರಲ್ಲಿ ಇದು ತಾರಕಕ್ಕೆ ಹೋಗಿತ್ತು. ಆ ವರ್ಷ ನೀನಿನ್ನೂ ಪ್ರೈಮರಿ ಸ್ಕೂಲಲ್ಲಿದ್ದಿರಬೇಕು. ಕಾರು ಕಂಪನಿಗಳು ಮುಳುಗುತ್ತಿದ್ದವು. ಹಬ್ಬಕ್ಕೆ ಒಂದು ವಾರ ಮುಂಚೆ ಮೂರು ಕಂಪನಿಗಳ ಮುಖ್ಯಸ್ಥರು ಸಾಲ ಕೇಳಲು ವಾಷಿಂಗ್ಟನ್‌ಗೆ ಹೋಗಿದ್ದರು. ಅದೂ ಕಂಪನಿಯ ಖಾಸಗಿ ವಿಮಾನದಲ್ಲಿ. ದೇಶವೆಲ್ಲ ಉಗಿಯಿತು. ನಾನಿದ್ದ ಬಿಡಿಭಾಗದ ಕಂಪನಿಯಲ್ಲಿ ಪ್ರತಿ ಶುಕ್ರವಾರ ಯಾರದೋ ಮೇಜು ಖಾಲಿಯಾಗುತ್ತಿತ್ತು. ನನ್ನ ವೀಸಾ ಆ ಕೆಲಸಕ್ಕೇ ಕಟ್ಟಿಕೊಂಡಿತ್ತು. ಅಮ್ಮನಿಗೆ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಅನ್ನುತ್ತಿದ್ದೆ. ಅಂಥ ಹೊತ್ತಿನಲ್ಲಿ ಹನ್ನೊಂದು ಮ್ಯಾಚ್ ಸತತವಾಗಿ ಸೋತ ಟೀಮ್, ಇಡೀ ದೇಶ ನೋಡುವ ಮ್ಯಾಚಿಗೆ ಇಳಿಯಿತು. ಟೆನೆಸ್ಸಿ 47, ನಾವು 10. ಆ ಸೀಸನ್ ಹದಿನಾರಕ್ಕೆ ಹದಿನಾರೂ ಸೋತು ಮುಗಿಸಿದರು. ಈ ಟೀಮಿನಿಂದ ಹಬ್ಬ ಕಿತ್ತುಕೊಳ್ಳಿ ಅಂತ ಊರಾಚೆಯವರು ಕೂಗಿದರು. ಊರೊಳಗಿನವರೂ ಹೂಂ ಅಂದರು. ದಯವಿಟ್ಟು ನಮ್ಮನ್ನು ಬಿಟ್ಟುಬಿಡಿ, ಎಲ್ಲರ ಮುಂದೆ ಯಾಕೆ ಈ ಅವಮಾನ ಅಂತ. ನಾನೂ ಅದೇ ಮಾತಾಡಿದೆ. ಅಜ್ಜಿ ಸ್ಟೌ ಮುಂದೆ ನಿಂತು ನನ್ನ ಕಡೆ ತಿರುಗದೆಯೇ ಕೇಳಿದರು. ‘ಕಂಪನಿಗಳು ಹೋಗ್ತಿವೆ. ಮನೆಗಳ ಬೆಲೆ ಬಿದ್ದಿದೆ. ಇದನ್ನೂ ನಾವೇ ಕೈಯಾರೆ ಕೊಟ್ಟುಬಿಡೋಣ ಅಂತೀಯಾ?’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇನ್ನು 2012. ಇದನ್ನು ಇಲ್ಲಿಯವರಿಗೆ ನೆನಪಿಸಿದರೆ ಇವತ್ತಿಗೂ ರಕ್ತ ಕುದಿಯುತ್ತೆ. ಹೂಸ್ಟನ್ನಿನ ಆಟಗಾರನೊಬ್ಬ ಓಡುತ್ತಾ ನಮ್ಮವರ ಕೈಗೆ ಸಿಕ್ಕಿ ನೆಲಕ್ಕೆ ಬಿದ್ದ. ಮೊಣಕಾಲು ತಾಗಿತು, ಮೊಣಕೈ ತಾಗಿತು. ನಿಯಮದ ಪ್ರಕಾರ ಅಲ್ಲಿಗೆ ಆಟ ನಿಲ್ಲಬೇಕು. ಅಂಪೈರ್‌ಗಳು ನಿಲ್ಲಿಸಲಿಲ್ಲ. ಅವನು ಎದ್ದು ಓಡಿ 81 ಗಜದ ಟಚ್‌ಡೌನ್ ಮಾಡಿದ. ಸ್ಕೋರ್ ಆದ ಆಟವನ್ನು ಅವರಾಗಿಯೇ ಮರುಪರಿಶೀಲನೆ ಮಾಡುತ್ತಾರೆ, ಯಾರೂ ಕೇಳಬೇಕಿಲ್ಲ. ಆದರೆ ನಮ್ಮ ಕೋಚ್ ಸಿಟ್ಟಿನಲ್ಲಿ ಮರುಪರಿಶೀಲನೆ ಕೇಳುವ ಕೆಂಪು ಬಾವುಟ ಎಸೆದುಬಿಟ್ಟ. ಕೇಳಬಾರದ ಕಡೆ ಕೇಳಿದರೆ ಪರಿಶೀಲನೆಯೇ ರದ್ದು ಅಂತ ಆಗ ನಿಯಮ ಇತ್ತು! ಕಣ್ಣಿಗೆ ಕಾಣುವ ತಪ್ಪು, ಸರಿಮಾಡುವಂತಿಲ್ಲ. ಓವರ್‌ಟೈಮಿನಲ್ಲಿ 34-31ಕ್ಕೆ ಸೋತರು. ಆಮೇಲೆ ನಿಯಮ ಬದಲಾಯಿಸಿದರು, ನಮಗೇನು ಬಂತು. ಅರ್ಜಿ ಕೊಟ್ಟಿದ್ದಕ್ಕೇ ಫೈಲು ಮುಚ್ಚಿದ ಕತೆ ನಮ್ಮ ಕಡೆಯ ಯಾವ ತಾಲೂಕು ಕಚೇರಿಗೂ ಸಲ್ಲುತ್ತೆ ಅಂತ ಅಜ್ಜಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ.

2013ರಲ್ಲಿ ಗ್ರೀನ್ ಬೇಯನ್ನು 40-10ಕ್ಕೆ ಹೊಡೆದ ದಿನ ನಾನು ಊರಲ್ಲಿದ್ದೆ, ತಂಗಿ ಮದುವೆಗೆ. ಕಾಲ್ಗುಣ ರುಜುವಾತಾಯಿತು, ಇನ್ನೇನು ಹೇಳಲಿ. 2017ರಿಂದ ಮತ್ತೆ ಏಳು ವರ್ಷ ಸೋಲು. 2024ರಲ್ಲಿ ಗೆದ್ದಾಗ ಮಾತ್ರ ನಾನು ಅದೇ ಸೋಫಾದಲ್ಲಿದ್ದೆ. ಶಿಕಾಗೋದವರು ಮೂರು ಪಾಯಿಂಟ್ ಹಿಂದೆ, ಗಡಿಯಾರ ನಿಲ್ಲಿಸಲು ಕೈಯಲ್ಲಿ ಇನ್ನೊಂದು ಟೈಮ್‌ಔಟ್ ಉಳಿದಿದೆ, ಗಡಿಯಾರ ಓಡುತ್ತಿದೆ. ಯಾರೂ ನಿಲ್ಲಿಸಲೇ ಇಲ್ಲ. 23-20. ಮಾರನೇ ದಿನ ಅವರ ಕೋಚ್ ಕೆಲಸ ಹೋಯಿತು. ನನ್ನ ಮೇಲಿನ ಆಪಾದನೆ ಅಧಿಕೃತವಾಗಿ ವಾಪಸ್ ಪಡೆಯಲಾಯಿತು.

ಇಷ್ಟಕ್ಕೂ ಈ ಟೀಮ್ ಕೊನೆಯ ಸಲ ಚಾಂಪಿಯನ್ ಆಗಿದ್ದು 1957ರಲ್ಲಿ. ‘ಈ ಸಲ ಕಪ್ ನಮ್ದೇ’ ಅಂತ 17 ವರ್ಷ ಕೂಗಿದವರು ನಾವು. 2025ರಲ್ಲಿ ನಮ್ಮದು ಮುಗಿಯಿತು, ಇವರದ್ದು ಇನ್ನೂ ನಡೆಯುತ್ತಿದೆ. ಇದನ್ನು ಆಫೀಸಿನಲ್ಲಿ ಹೇಳು, ನಿನ್ನನ್ನು ತಕ್ಷಣ ಅರ್ಥ ಮಾಡಿಕೊಳ್ಳುತ್ತಾರೆ.

ಹಾಗಾದರೆ ನಾನು ಯಾರ ಪರ? ಆಡಲಿ ಅನ್ನುವವರ ಪರ. ಕಾರಣ ಸ್ವಾರ್ಥದ್ದು. ಆ ದಿನ ಇಲ್ಲಿ ಎಲ್ಲರೂ ಅವರವರ ಮನೆಯೊಳಗೆ ಸೇರಿಕೊಳ್ಳುತ್ತಾರೆ. ಅವರ ಮನೆಯ ಹಳೇ ಕತೆ, ಮಾವನ ಕುಡಿತ, ಅತ್ತೆಯ ಆಸ್ತಿ ಜಗಳ ಯಾವುದೂ ನಿನಗೆ ಗೊತ್ತಿರಲ್ಲ. ಮಾತು ಎಲ್ಲಿಂದ ಶುರು ಮಾಡ್ತೀಯ? ಟಿವಿಯಲ್ಲಿ ಮ್ಯಾಚ್ ಇದ್ದರೆ ನೀನು ‘ಅಯ್ಯೋ’ ಅನ್ನಬಹುದು. ಎಲ್ಲರೂ ಅಯ್ಯೋ ಅನ್ನುತ್ತಿರುತ್ತಾರೆ. ಅವತ್ತು ಅಜ್ಜಿಯ ಮನೆಯಿಂದ ಕೂಗು ಕೇಳದಿದ್ದರೆ ನಾನು ಮಹಡಿ ಹತ್ತಿ, ಅವಲಕ್ಕಿ ಕಲಸಿಕೊಂಡು ಮಲಗುತ್ತಿದ್ದೆ.

ಆದರೆ ಅಜ್ಜಿಯ ಮಗನ ಎದುರಿಗೆ ನಾನಿದನ್ನು ಹೇಳಲ್ಲ. ಅವನು ಲಯನ್ಸ್ ಆಡುವ ಮೈದಾನ ಫೋರ್ಡ್ ಫೀಲ್ಡ್‌ನಲ್ಲಿ ತಿಂಡಿ ಕೌಂಟರ್‌ನಲ್ಲಿ ಕೆಲಸ ಮಾಡುತ್ತಾನೆ. 65,000 ಜನ ಕೂರುವ ಜಾಗ ಅದು. ಅಷ್ಟು ಜನ ಹಬ್ಬ ಮಾಡಬೇಕಾದರೆ ಎಷ್ಟು ಜನ ಹಬ್ಬ ಬಿಡಬೇಕು ಲೆಕ್ಕ ಹಾಕು. ಪೊಲೀಸರು, ಪಾರ್ಕಿಂಗಿನವರು, ಬಸ್ಸಿನವರು, ಕಸ ಗುಡಿಸುವವರು. ಅವನ ವಾದ ಚಿಕ್ಕದು. ‘ಶುಕ್ರವಾರ ಆಡಿದರೆ ಸಾಯ್ತಾರಾ?’ ಪ್ರತಿ ವರ್ಷ ಅಜ್ಜಿ ಅವನ ತಟ್ಟೆಗೆ ಮೊದಲು ಬಡಿಸುತ್ತಾರೆ. ಅಲ್ಯೂಮಿನಿಯಂ ಹಾಳೆ ಮುಚ್ಚಿ ಓವನ್ ಪಕ್ಕ ಇಡುತ್ತಾರೆ. ಅವನು ಸಂಜೆ ಏಳಕ್ಕೋ ಎಂಟಕ್ಕೋ ಬಂದು ನಿಂತುಕೊಂಡೇ ತಿನ್ನುತ್ತಾನೆ. ಆಡಲೇಬೇಕು ಅನ್ನುವ ಅಜ್ಜಿಯೇ ಆ ಹಾಳೆ ಮುಚ್ಚುವುದು. ಈ ಜಗಳದಲ್ಲಿ ನನಗೆ ಭಾರ ಅನ್ನಿಸುವ ಮಾತು ಅವನದೊಂದೇ. ನಿನಗೆ ‘ಬೇಡ’ ಅನ್ನಬೇಕು ಅನ್ನಿಸಿದರೆ ಆ ಕಾರಣ ಹೇಳು. ಸೋಲ್ತಾರೆ ಅನ್ನುವ ಕಾರಣ ಮಾತ್ರ ಹೇಳಬೇಡ. ಬಂದ ಎರಡು ತಿಂಗಳಿಗೆ ಅದನ್ನು ಹೇಳುವ ಹಕ್ಕು ನಿನಗೆ ಬಂದಿಲ್ಲ.

ಇನ್ನು ಊಟ. ಮೊದಲೇ ‘ನಾನು ಮಾಂಸ ತಿನ್ನಲ್ಲ’ ಅಂತ ಹೇಳಿಬಿಡು. ಸಂಕೋಚ ಬೇಡ, ಅವರು ಬೇಸರ ಮಾಡಿಕೊಳ್ಳಲ್ಲ. ಆ ದಿನದ ಮುಖ್ಯ ಅಡುಗೆ ಟರ್ಕಿ ಕೋಳಿ. ಸ್ಟಫಿಂಗ್ ಅಂದರೆ ಬ್ರೆಡ್ಡಿನದು, ಆದರೆ ಕೋಳಿಯ ಹೊಟ್ಟೆಯೊಳಗೇ ಬೇಯಿಸಿರಬಹುದು. ಆಲೂಗಡ್ಡೆ ಮ್ಯಾಶ್ ತಿನ್ನಬಹುದು, ಮೇಲೆ ಸುರಿಯುವ ಗ್ರೇವಿ ಕೋಳಿಯ ರಸದ್ದು. ಸಿಹಿಗೆಣಸಿನ ಮೇಲಿನ ಬಿಳಿ ಮಾರ್ಷ್‌ಮೆಲೋದಲ್ಲಿ ಜೆಲಾಟಿನ್ ಇರುತ್ತೆ. ಕ್ರ್ಯಾನ್‌ಬೆರಿ ಗೊಜ್ಜು ನಮ್ಮ ನಾಲಿಗೆಗೆ ಹಿಡಿಸುತ್ತೆ. ಕುಂಬಳಕಾಯಿ ಪೈ ಒಳಗೆ ಮೊಟ್ಟೆ ಇದೆ, ನಿನಗೆ ನಡೆಯುತ್ತಾ ನೋಡಿಕೋ.

ಬರಿಗೈಯಲ್ಲಿ ಹೋಗಬೇಡ. ನಿಂಬೆಹಣ್ಣಿನ ಚಿತ್ರಾನ್ನ ಒಯ್ಯಿ. ಹಸಿಮೆಣಸಿನಕಾಯಿ ಎರಡೇ ಹಾಕು, ಅದನ್ನೂ ಆಮೇಲೆ ತೆಗೆದುಬಿಡು. ಕಡಲೆಬೀಜ ಹಾಕುವ ಮುಂಚೆ ಯಾರಿಗಾದರೂ ಅಲರ್ಜಿ ಇದೆಯಾ ಕೇಳು, ಇಲ್ಲಿ ಅದು ತಮಾಷೆ ಅಲ್ಲ. ನಾನು ಎರಡನೇ ವರ್ಷ ಒಯ್ದಿದ್ದೆ. ಅಜ್ಜಿಯ ಮನೆಯಲ್ಲಿ ಅದಕ್ಕೆ ಈಗ ‘ಹಳದಿ ಅನ್ನ’ ಅಂತಲೇ ಹೆಸರು. ಮಗನ ತಟ್ಟೆಯಲ್ಲೂ ಒಂದು ಸೌಟು ಇರುತ್ತೆ.

ಮ್ಯಾಚ್ ಮಧ್ಯಾಹ್ನ ಹನ್ನೆರಡೂವರೆ, ಒಂದು ಗಂಟೆ ಹೊತ್ತಿಗೆ ಶುರು. ಊಟ ಸಾಮಾನ್ಯವಾಗಿ ಮ್ಯಾಚ್ ಮುಗಿದ ಮೇಲೆ, ಅಂದರೆ ನಾಲ್ಕು ಗಂಟೆ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡು. ಹೊಸ ಟೀ ಶರ್ಟ್ ಕೊಳ್ಳೋದಾದರೆ ತಿಳಿನೀಲಿ ತಗೋ, ಅದಕ್ಕೆ ಹೊನೊಲುಲು ಬ್ಲೂ ಅನ್ನುತ್ತಾರೆ. ಗ್ರೀನ್ ಬೇಯ ಹಸಿರು-ಹಳದಿ ಮಾತ್ರ ಅಪ್ಪಿತಪ್ಪಿಯೂ ಹಾಕಬೇಡ. ನಮ್ಮ ಕನ್ನಡ ಬಾವುಟದ ಬಣ್ಣ ಅಂತ ಅರಿಶಿನ-ಕೆಂಪು ಹಾಕಿಕೊಂಡು ಹೋದವಳು ನಾನು. ಕ್ಯಾನ್ಸಸ್ ಸಿಟಿ ಟೀಮಿನ ಕಡೆಯವಳಾ ಅಂತ ಕೇಳಿದರು.

ಮತ್ತೆ, ಸೋತರೆ ಕಾಲ್ಗುಣದ ವಿಷಯ ಎತ್ತಬೇಡಪ್ಪ.