ಮ್ಯಾಟಡೋರ್‌ಗೆ ಕೂರಿಸಿದ ಇಸುಜು ಎಂಜಿನ್ನಿನ ಟೈಮಿಂಗ್ ಬೆಲ್ಟ್ ಕುರಿತು

ಮೂಡಿಗೆರೆಯ ನಿಮ್ಮ ಹಳೆಯ ಮ್ಯಾಟಡೋರ್‌ಗೆ ಕಾಂಟೆಸ್ಸಾ ಕಾರಿನ ಇಸುಜು ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಗಾಡಿ ಹೆಚ್ಚು ಓಡಿಲ್ಲವಾದ್ದರಿಂದ ಟೈಮಿಂಗ್ ಬೆಲ್ಟ್ (ಪಿಸ್ಟನ್ನುಗಳ ಚಲನೆಗೆ ತಕ್ಕಂತೆ ವಾಲ್ವುಗಳು ತೆರೆದು ಮುಚ್ಚುವಂತೆ ನೋಡಿಕೊಳ್ಳುವ ರಬ್ಬರು ಪಟ್ಟಿ) ಈಗಲೇ ಬದಲಿಸಬೇಕೇ ಎಂದು ಕೇಳಿದ್ದೀರಿ, ಬದಲಿಸಲೇಬೇಕು. ಮೀಟರು ವ್ಯಾನಿನದು, ಬೆಲ್ಟು ಎಂಜಿನ್ನಿನದು; ಅದು ಹಿಂದೆ ಎಷ್ಟು ಓಡಿತ್ತೆಂಬುದಕ್ಕೆ ದಾಖಲೆಯಿಲ್ಲದಿರುವಾಗ, ಅದರಲ್ಲೂ ರಬ್ಬರು ನಿಂತಲ್ಲಿಯೇ ಹಳತಾಗುವುದರಿಂದ, ಕಿಲೋಮೀಟರಿನ ಲೆಕ್ಕ ಪ್ರಯೋಜನಕ್ಕೆ ಬಾರದು. ಚಾರ್ಮಾಡಿ ಘಾಟಿಯ ನಡುವೆ ಬೆಲ್ಟು ಹರಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನೇ ಬಿಚ್ಚಬೇಕಾದೀತು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಜೊತೆಗೇ ಬದಲಿಸಿ; ಬಿಡಿಭಾಗವನ್ನು ಮ್ಯಾಟಡೋರ್ ಹೆಸರಿನಲ್ಲಿ ಕೇಳದೆ (ಅಂಗಡಿಯವರು ಕೇಳಿದ್ದನ್ನೇ ಕೊಡುತ್ತಾರೆ) ಎಂಜಿನ್ ಸಂಖ್ಯೆ ತೋರಿಸಿ ಕೊಳ್ಳಿ. ಈ ಎಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪನ್ನೂ ಅದೇ ಬೆಲ್ಟು ತಿರುಗಿಸುವುದರಿಂದ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ), ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ), ಪಂಪು ಮೂರರ ಗಾಲಿಗಳ ಮೇಲಿನ ಗುರುತುಗಳೂ ಸರಿಹೊಂದಬೇಕು. ಜೋಡಿಸಿದ ಬಳಿಕ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡುವವರೆಗೆ ಸ್ಟಾರ್ಟ್ ಮಾಡಬೇಡಿ.